ಎಂಜಿನ್ ಟ್ಯೂನಿಂಗ್: ಗ್ಯಾರೇಜಿನ ನಮ್ಮ ಮಕ್ಕಳು ಮತ್ತು ನಮ್ಮ ಹೊಣೆಗಾರಿಕೆ

(ಯುವಕರ ಉದ್ಯೋಗ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಕಾರಿನ ಎಂಜಿನ್ ಟ್ಯೂನಿಂಗ್ ಕಲಿತು ಸ್ವಂತ ಉದ್ಯಮ ಆರಂಭಿಸುವುದು ಹೇಗೆ ಎಂಬ ವಿಷಯದಲ್ಲಿ ಮಾತನಾಡುವಂತೆ ನಮ್ಮನ್ನು ಕೇಳಿಕೊಳ್ಳಲಾಗಿದೆ. ಧರ್ಮ, ಸಮಾಜ, ರಾಜಕೀಯಗಳ ಬಗ್ಗೆ ಚರ್ಚಿಸುವ ಸಭೆಯಲ್ಲಿ ಪ್ಲಗ್ಗು, ಪಿಸ್ಟನ್‌ಗಳ ಮಾತೇಕೆ ಎಂದು ಕೆಲವರಿಗಾದರೂ ಅನಿಸಿರಬಹುದು. ಅವರಲ್ಲಿ ನಮ್ಮದೊಂದು ವಿನಂತಿ. ನಮ್ಮ ಯಾವುದೇ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಮ್ಮೆ ನಡೆದುಹೋಗಿ. ಅಲ್ಲಿ ಸಾಲಾಗಿರುವ ಗ್ಯಾರೇಜುಗಳ ಫಲಕಗಳನ್ನು ಓದಿ. ಕಾರಿನಡಿಯಲ್ಲಿ ಮಲಗಿ ಗ್ರೀಸು ಮೆತ್ತಿಕೊಂಡಿರುವ ಹುಡುಗರ ಹೆಸರು ಕೇಳಿ. ಅವರಲ್ಲಿ ಎಷ್ಟು ಮಂದಿ ನಮ್ಮ ಮೊಹಲ್ಲಾದ ಮಕ್ಕಳು ಎಂಬುದು ಆಗ ನಿಮಗೇ ತಿಳಿಯುತ್ತದೆ. ನಮ್ಮ ನೂರಾರು ಕುಟುಂಬಗಳ ಒಲೆ ಉರಿಯುತ್ತಿರುವುದು ಆ ಗ್ಯಾರೇಜುಗಳ ದುಡಿಮೆಯಿಂದ. ಆ ಒಲೆ ಇನ್ನು ಹತ್ತು ವರ್ಷಗಳ ಬಳಿಕವೂ ಉರಿಯಬೇಕಾದರೆ ಏನು ಮಾಡಬೇಕು ಎಂಬುದು ಖಂಡಿತವಾಗಿಯೂ ಸಮುದಾಯದ ಪ್ರಶ್ನೆಯಾಗಿದೆ.

2006ರಲ್ಲಿ ಪ್ರಕಟವಾದ ನ್ಯಾಯಮೂರ್ತಿ ರಾಜೇಂದರ್ ಸಾಚಾರ್ ಸಮಿತಿಯ ವರದಿಯು ಒಂದು ವಾಸ್ತವವನ್ನು ದೇಶದ ಮುಂದಿಟ್ಟಿತು. ಮುಸ್ಲಿಮರು ಸಂಬಳದ ನೌಕರಿಗಿಂತ ಹೆಚ್ಚಾಗಿ ಸ್ವಂತ ದುಡಿಮೆಯನ್ನೇ ನೆಚ್ಚಿಕೊಂಡಿದ್ದಾರೆ, ಆದರೆ ಆ ದುಡಿಮೆಗೆ ಬೇಕಾದ ಬ್ಯಾಂಕ್ ಸಾಲವಾಗಲಿ, ತಾಂತ್ರಿಕ ಶಿಕ್ಷಣವಾಗಲಿ ಅವರಿಗೆ ಸಾಕಷ್ಟು ತಲುಪುತ್ತಿಲ್ಲ ಎಂಬುದೇ ಆ ವಾಸ್ತವ. ಈ ವರದಿಯ ಬಗ್ಗೆ ನಾವು ಬಹಳಷ್ಟು ಭಾಷಣಗಳನ್ನು ಕೇಳಿದ್ದೇವೆ, ಸ್ವತಃ ಮಾಡಿಯೂ ಇದ್ದೇವೆ. ಆದರೆ ಅದೇ ವರದಿಯ ಕನ್ನಡಿಯಲ್ಲಿ ನಮ್ಮ ಪಕ್ಕದ ರಸ್ತೆಯ ಗ್ಯಾರೇಜನ್ನು ನೋಡುವ ಕೆಲಸ ಮಾಡಿದ್ದು ಕಡಿಮೆ.

ಉಸ್ತಾದರ ಕಿವಿ

ನಮ್ಮಲ್ಲಿ ಮದ್ರಸದ ಗುರುವನ್ನೂ ಉಸ್ತಾದ್ ಎನ್ನುತ್ತೇವೆ, ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ನನ್ನೂ ಉಸ್ತಾದ್ ಎನ್ನುತ್ತೇವೆ. ಈ ಗೌರವ ಅಕಾರಣವಾದುದಲ್ಲ. ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ನಮ್ಮ ಉಸ್ತಾದರು ಬಾನೆಟ್ ತೆರೆದು, ಎಂಜಿನಿನ ಸದ್ದನ್ನು ಒಂದು ನಿಮಿಷ ಆಲಿಸಿ, ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳಿಬಿಡುತ್ತಿದ್ದರು. ಫೀಲರ್ ಗೇಜ್ ಹಿಡಿದು ಪಾಯಿಂಟಿನ ಅಂತರ ಹೊಂದಿಸುತ್ತಿದ್ದರು. ಡಿಸ್ಟ್ರಿಬ್ಯೂಟರನ್ನು ತುಸುವೇ ತಿರುಗಿಸಿ ಕಿಡಿಯ ಸಮಯವನ್ನು ಸರಿಪಡಿಸುತ್ತಿದ್ದರು. ಕಾರ್ಬೊರೇಟರಿನ ಸ್ಕ್ರೂವನ್ನು ಕಾಲು ಸುತ್ತು ಬಿಗಿದು, ಅರ್ಧ ಸುತ್ತು ಸಡಿಲಿಸಿ ಎಂಜಿನಿನ ನಡುಕವನ್ನು ನಿಲ್ಲಿಸುತ್ತಿದ್ದರು. 'ಟ್ಯೂನಿಂಗ್' ಎಂದರೆ ಅದೇ ಆಗಿತ್ತು. 1983ರ ಕೊನೆಯಲ್ಲಿ ಮಾರುತಿ 800 ರಸ್ತೆಗಿಳಿದಾಗಲೂ ಅದರಲ್ಲಿ ಇದ್ದುದು ಕಾರ್ಬೊರೇಟರೇ. ಆದ್ದರಿಂದ ಉಸ್ತಾದರ ಕಿವಿಗೂ ಕೈಗೂ ಬೇಡಿಕೆ ಕುಂದಲಿಲ್ಲ.

ಬಳಿಕ ಕಾಲ ಬದಲಾಯಿತು. ಹೊಗೆ ಮಾಲಿನ್ಯದ ನಿಯಮಗಳು ಬಿಗಿಯಾದಂತೆಲ್ಲ ಕಾರ್ಬೊರೇಟರ್ ಮಾಯವಾಗಿ, ಅದರ ಜಾಗದಲ್ಲಿ ಇಂಜೆಕ್ಟರ್, ಸೆನ್ಸರ್ ಮತ್ತು ಎಲ್ಲವನ್ನೂ ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಬಂದವು. 2017ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಜಾರಿಗೆ ಬಂದ ಬಿಎಸ್ 4 ನಿಯಮದಿಂದ ಸರಕಾರ ಒಂದು ಮೆಟ್ಟಿಲನ್ನೇ ಬಿಟ್ಟು ಹಾರಿ, 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮವನ್ನು ಜಾರಿಗೊಳಿಸಿತು. 2023ರ ಏಪ್ರಿಲ್‌ನಲ್ಲಿ ಅದರ ಎರಡನೆಯ ಹಂತವೂ ಬಂತು. ಇಂದಿನ ಕಾರಿನಲ್ಲಿ ತಿರುಗಿಸಲು ಸ್ಕ್ರೂ ಇಲ್ಲ, ಉಜ್ಜಲು ಪಾಯಿಂಟ್ ಇಲ್ಲ. ದೋಷವಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಅದರ ಅರ್ಥ ತಿಳಿಯಬೇಕಾದರೆ ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಜಾಗಕ್ಕೆ ಸ್ಕ್ಯಾನರ್ ಸಿಕ್ಕಿಸಿ ಓದಬೇಕು.

ಮೂವತ್ತು ವರ್ಷ ಎಂಜಿನಿನ ಸದ್ದನ್ನೇ ಕುರ್‌ಆನ್ ಪಾಠದಂತೆ ಶ್ರದ್ಧೆಯಿಂದ ಆಲಿಸಿದ ಹಿರಿಯರೊಬ್ಬರು ಈ ಹಳದಿ ದೀಪದ ಮುಂದೆ ಅಸಹಾಯಕರಾಗಿ ನಿಂತುದನ್ನು ನಾವು ಕಣ್ಣಾರೆ ಕಂಡಿದ್ದೇವೆ. "ಇದನ್ನು ಕಂಪೆನಿಗೇ ಕೊಂಡುಹೋಗಿ ಸಾಹೇಬರೇ" ಎಂದು ಅವರು ಗಿರಾಕಿಯನ್ನು ಕಳುಹಿಸಿಕೊಟ್ಟರು. ಆ ಗಿರಾಕಿ ಮತ್ತೆ ಅವರ ಗ್ಯಾರೇಜಿಗೆ ಮರಳಲಿಲ್ಲ. ಹೀಗೆ ದಿನಕ್ಕೊಬ್ಬ ಗಿರಾಕಿ ಕೈತಪ್ಪಿದರೆ ಆ ಗ್ಯಾರೇಜಿನ ಗತಿಯೇನು? ಅಲ್ಲಿ ದುಡಿಯುವ ನಾಲ್ವರು ಹುಡುಗರ ಗತಿಯೇನು? ನಮ್ಮ ಕಸುಬನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದು ಮುಂದೆ ನಡೆಯಿತು, ನಾವು ನಿಂತಲ್ಲೇ ನಿಂತೆವು.

ಇನ್ನೂರು ರೂಪಾಯಿಯ ಪೈಪು

ಇಲ್ಲಿ ನಮ್ಮದೇ ಅನುಭವವೊಂದನ್ನು ಹೇಳಬೇಕು. ನಮ್ಮ ಮನೆಯ ಹಳೆಯ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತಿತ್ತು, ಹಳದಿ ದೀಪವೂ ಹೊತ್ತಿತ್ತು. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಾಯಿಸಿದರು. ನಡುಕ ನಿಲ್ಲಲಿಲ್ಲ. ಇಗ್ನಿಷನ್ ಕಾಯಿಲ್ ಬದಲಾಯಿಸಿದರು. ಆಗಲೂ ನಿಲ್ಲಲಿಲ್ಲ. ಕೊನೆಗೆ "ಇಸಿಯು ಹೋಗಿದೆ, ಬದಲಾಯಿಸಬೇಕು" ಎಂದು ನಾವು ಬೆಚ್ಚಿಬೀಳುವಂತಹ ಮೊತ್ತವೊಂದನ್ನು ಹೇಳಿದರು. ಅವರು ಮೋಸಗಾರರೆಂದು ನಾವು ಹೇಳುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೆ. ಆದರೆ ಗಿರಾಕಿಯ ಕಿಸೆಗೆ ಎರಡೂ ಒಂದೇ.

ಬಳಿಕ ಐಟಿಐ ಕಲಿತ ಯುವಕನೊಬ್ಬ ಕಾರನ್ನು ನೋಡಿದ. ಸ್ಕ್ಯಾನರ್ ಸಿಕ್ಕಿಸಿದಾಗ ಪಿ 0171 ಎಂಬ ಸಂಕೇತ ಬಂತು. ಎಂಜಿನಿಗೆ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ ಹೋಗುತ್ತಿದೆ ಎಂದು ಅದರರ್ಥ. ಆತ ಅಲ್ಲಿಗೇ ನಿಲ್ಲಲಿಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಕಂಪ್ಯೂಟರ್ ಎಷ್ಟು ಹೆಚ್ಚುವರಿ ಪೆಟ್ರೋಲ್ ಕೊಡುತ್ತಿದೆ, ವೇಗ ಹೆಚ್ಚಿಸಿದಾಗ ಎಷ್ಟು ಕೊಡುತ್ತಿದೆ ಎಂದು ಹೋಲಿಸಿ ನೋಡಿದ. ನಿಧಾನದಲ್ಲಿ ಕೊರತೆ ಹೆಚ್ಚು, ವೇಗದಲ್ಲಿ ಕಡಿಮೆ. "ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ" ಎಂದ. ಹುಡುಕಿದಾಗ ಇನ್‌ಟೇಕಿಗೆ ಹೋಗುವ ಒಂದು ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಅದರ ಬೆಲೆ ಇನ್ನೂರು ರೂಪಾಯಿ. ಎಂಜಿನ್ ಶಾಂತವಾಯಿತು. ಆ ಯುವಕ ತನ್ನ ಕೂಲಿಯನ್ನು ಕೇಳಿದ, ನಾವು ಸಂತೋಷದಿಂದಲೇ ಕೊಟ್ಟೆವು. ಅಂದಿನಿಂದ ನಮ್ಮ ಬಂಧುಬಳಗದ ಹತ್ತಾರು ಕಾರುಗಳು ಅವನ ಬಳಿಗೇ ಹೋಗುತ್ತಿವೆ. ಅವನ ಉದ್ಯಮದ ಬಂಡವಾಳ ಯಾವುದು? ಸ್ಕ್ಯಾನರ್ ಅಲ್ಲ. ಸ್ಕ್ಯಾನರ್ ಆ ಮೊದಲನೆಯ ಗ್ಯಾರೇಜಿನಲ್ಲೂ ಇತ್ತು. ಅದು ಹೇಳಿದ್ದನ್ನು ಅರ್ಥೈಸುವ ವಿದ್ಯೆ ಮತ್ತು ಇನ್ನೂರು ರೂಪಾಯಿಯ ಕೆಲಸವನ್ನು ಇನ್ನೂರು ರೂಪಾಯಿಯ ಕೆಲಸವೆಂದೇ ಹೇಳುವ ಪ್ರಾಮಾಣಿಕತೆ, ಇವೆರಡೇ ಅವನ ಬಂಡವಾಳ. ಇಂದು ನಾವು ಹೇಳಬೇಕೆಂದಿರುವುದೂ ಈ ಎರಡರ ಬಗ್ಗೆಯೇ.

ಏನನ್ನು ಕಲಿಯಬೇಕು?

ಯುವ ಮಿತ್ರರೇ, ಈ ವಿದ್ಯೆಗೆ ಒಂದು ಕ್ರಮವಿದೆ. ಅಡಿಪಾಯ ಹಾಕದೆ ಮಾಳಿಗೆ ಕಟ್ಟಲು ಹೋಗಬೇಡಿ.

ಮೊದಲನೆಯದು, ಎಂಜಿನಿನ ಮೂಲ ಪಾಠ. ಗಾಳಿ ಎಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಹೊಡೆತಗಳ ಕ್ರಿಯೆ ಇಂದಿಗೂ ಬದಲಾಗಿಲ್ಲ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಬಾರಿ ಬೆಂಕಿ ಹೊತ್ತಿಕೊಳ್ಳುತ್ತದೆ. ಆ ಪ್ರತಿಯೊಂದು ಬಾರಿಯೂ ಒತ್ತಡ, ಕಿಡಿ ಮತ್ತು ಮಿಶ್ರಣ ಈ ಮೂರೂ ಸರಿಯಿರಬೇಕು. ಕಂಪ್ರೆಷನ್ ಅಳೆಯುವುದು, ವಾಲ್ವಿನ ಅಂತರ ನೋಡುವುದು, ಟೈಮಿಂಗ್ ಚೈನ್ ಅಥವಾ ಬೆಲ್ಟಿನ ಗುರುತು ಹೊಂದಿಸುವುದು, ಇಂಧನದ ಒತ್ತಡ ಅಳೆಯುವುದು, ಇವುಗಳನ್ನು ಕಲಿಯದವನಿಗೆ ಯಾವ ಕಂಪ್ಯೂಟರೂ ಸಹಾಯ ಮಾಡಲಾರದು. ಇಲ್ಲಿ ನಮ್ಮ ಹಳೆಯ ಉಸ್ತಾದರೇ ಶ್ರೇಷ್ಠ ಗುರುಗಳು. ಅವರನ್ನು ಕಡೆಗಣಿಸಬೇಡಿ.

ಎರಡನೆಯದು, ವಿದ್ಯುತ್ತಿನ ಪಾಠ. ಮಲ್ಟಿಮೀಟರ್ ಹಿಡಿದು ವೋಲ್ಟೇಜ್, ರೋಧ ಅಳೆಯುವುದು, ವೈರಿಂಗ್ ನಕ್ಷೆ ಓದುವುದು, ಅರ್ತ್ ಸರಿಯಿದೆಯೇ ಎಂದು ಪರೀಕ್ಷಿಸುವುದು. ಸೆನ್ಸರ್ ಕೆಟ್ಟಿದೆ ಎಂದು ಬದಲಾಯಿಸಿದ ಬಳಿಕವೂ ದೋಷ ಉಳಿದರೆ, ಅದು ತುಕ್ಕು ಹಿಡಿದ ಕನೆಕ್ಟರಿನದ್ದೋ ಸಡಿಲವಾದ ಅರ್ತಿನದ್ದೋ ಆಗಿರುವುದುಂಟು. ಮಳೆ, ಉಪ್ಪುಗಾಳಿಯ ಕರಾವಳಿಯಲ್ಲಿ ಇದು ವಿಶೇಷವಾಗಿ ಸತ್ಯ.

ಮೂರನೆಯದು, ಸೆನ್ಸರ್‌ಗಳ ಭಾಷೆ. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ತೂಕವನ್ನು ಕಾಯುವ ತಕ್ಕಡಿಯೇ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಪಿ 0300 ಎಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಮಿಸ್‌ಫೈರ್, ಪಿ 0420 ಎಂದರೆ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಆದರೆ ಸಂಕೇತವೆಂಬುದು ದೂರು ಮಾತ್ರ, ತೀರ್ಪಲ್ಲ. ದೂರು ಬಂದೊಡನೆ ವಿಚಾರಣೆಯಿಲ್ಲದೆ ಶಿಕ್ಷೆ ಕೊಡುವುದು ಅನ್ಯಾಯವೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಬಿಡಿಭಾಗಗಳ ವಿಷಯದಲ್ಲೂ ಅದೇ ನ್ಯಾಯ. ಅಳೆಯದೆ ಯಾವುದನ್ನೂ ಬದಲಾಯಿಸಬೇಡಿ.

ನಾಲ್ಕನೆಯದು, ಹೊಗೆಯ ಪಾಠ. ಇಂಗಾಲದ ಮೊನಾಕ್ಸೈಡ್, ಉರಿಯದ ಇಂಧನ, ಆಮ್ಲಜನಕ ಎಷ್ಟೆಷ್ಟು ಹೊರಬರುತ್ತಿವೆ ಎಂಬುದನ್ನು ನೋಡಿದರೆ ಎಂಜಿನಿನ ಒಳಗೇನಾಗುತ್ತಿದೆ ಎಂಬುದು ತಿಳಿಯುತ್ತದೆ. ಇದರ ಜೊತೆಗೆ ಇಂದು ಇಂಧನವೇ ಬದಲಾಗಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಆರಂಭವಾಗಿ ಈಗ ಎಲ್ಲೆಡೆ ವ್ಯಾಪಿಸಿದೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದಂಶ ಕಡಿಮೆ, ಉರಿಯಲು ಬೇಕಾದ ಗಾಳಿಯೂ ಕಡಿಮೆ. ಅದಕ್ಕೆ ತಕ್ಕಂತೆ ತಯಾರಾಗದ ಹಳೆಯ ವಾಹನಗಳಲ್ಲಿ ರಬ್ಬರ್ ಪೈಪು, ಸೀಲುಗಳನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ. "ಮೈಲೇಜ್ ಏಕೆ ಬರುತ್ತಿಲ್ಲ?" ಎಂದು ಗಿರಾಕಿ ಕೇಳಿದಾಗ, ಇಷ್ಟು ಇಂಧನದ್ದು, ಇಷ್ಟು ಎಂಜಿನಿನದ್ದು ಎಂದು ಬಿಡಿಸಿ ಹೇಳಬಲ್ಲ ಮೆಕ್ಯಾನಿಕ್ ನಮ್ಮ ಪಟ್ಟಣಗಳಿಗೆ ಇಂದು ಬೇಕಾಗಿದ್ದಾನೆ.

ಟ್ಯೂನಿಂಗ್ ಹೆಸರಿನ ದಾರಿ ತಪ್ಪಿಸುವಿಕೆ

ಇನ್ನೊಂದು ಎಚ್ಚರಿಕೆಯ ಮಾತು. ಟ್ಯೂನಿಂಗ್ ಎಂದರೆ ಕೆಲವು ಯುವಕರಿಗೆ ಕಿವಿಗಡಚಿಕ್ಕುವ ಸೈಲೆನ್ಸರ್, ಕಪ್ಪು ಹೊಗೆ ಕಾರುವ ಡೀಸೆಲ್ ಕಾರು, ಇಸಿಯು ಒಳಗಿನ ಲೆಕ್ಕವನ್ನೇ ತಿದ್ದಿ ಎಂಜಿನಿನ ಶಕ್ತಿ ಹೆಚ್ಚಿಸುವ 'ರೀಮ್ಯಾಪ್'. ಇದಕ್ಕಾಗಿ ಹೊಗೆ ಸೋಸುವ ಫಿಲ್ಟರನ್ನು ತೆಗೆದುಹಾಕುವುದೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಕಾನೂನುಬಾಹಿರ ಮಾರ್ಪಾಡು ಮಾಡಿಸಿದ ಮಾಲಕನಿಗೆ ಆರು ತಿಂಗಳ ವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕಾನೂನಿನ ಮಾತು ಹಾಗಿರಲಿ. ಆ ಹೊಗೆ ಯಾರ ಮೂಗಿಗೆ ಹೋಗುತ್ತದೆ? ರಸ್ತೆ ಬದಿಯ ನಮ್ಮದೇ ಮನೆಗಳ ಕಿಟಕಿಯೊಳಗೆ, ತೊಟ್ಟಿಲಿನ ಮಗುವಿನ ಎದೆಯೊಳಗೆ. ನಡುರಾತ್ರಿ ಆ ಸೈಲೆನ್ಸರಿನ ಸದ್ದಿಗೆ ಬೆಚ್ಚಿಬೀಳುವವರು ನೆರೆಮನೆಯ ರೋಗಿ, ವೃದ್ಧರು. ರಸ್ತೆಯಲ್ಲಿ ಬಿದ್ದ ಮುಳ್ಳನ್ನು ತೆಗೆದುಹಾಕುವುದನ್ನೂ ಸತ್ಕರ್ಮವೆಂದು ಕಲಿಸಿದ ಧರ್ಮದ ಅನುಯಾಯಿಗಳು ಅದೇ ರಸ್ತೆಗೆ ವಿಷ ಸುರಿಯುವುದನ್ನು ಕಸುಬಾಗಿಸಿಕೊಳ್ಳಬಹುದೇ? ತಪ್ಪಿದ ಎಂಜಿನನ್ನು ಅದರ ಸರಿಯಾದ ಸ್ಥಿತಿಗೆ ಮರಳಿಸುವುದೇ ನಿಜವಾದ ಟ್ಯೂನಿಂಗ್. ಅದರಿಂದ ಪೆಟ್ರೋಲ್ ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ, ವಾಹನದ ಆಯುಸ್ಸು ಹೆಚ್ಚುತ್ತದೆ. ಈ ಕೆಲಸಕ್ಕೆ ಎಂದೂ ಬರವಿಲ್ಲ. ಇನ್ನು, ಹಳೆಯ ಕಾರು ಮಾರುವಾಗ ಮೀಟರಿನ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸಿಕೊಡುವಂತೆ ಕೇಳುವವರೂ ಬರುತ್ತಾರೆ. ಅಳತೆ ತೂಕದಲ್ಲಿ ವಂಚಿಸುವವರನ್ನು ಎಚ್ಚರಿಸಲು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ ಎಂಬುದನ್ನು ಆಗ ನೆನಪಿಸಿಕೊಳ್ಳಿ. ಮೀಟರೂ ಒಂದು ಅಳತೆಯೇ.

ಒದ್ದೆಯನ್ನು ಮೇಲಿಡಿ

ಪ್ರವಾದಿ ಮುಹಮ್ಮದ್(ಸ)ರವರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟು ನೋಡಿದ ಘಟನೆ ನಮಗೆಲ್ಲ ತಿಳಿದದ್ದೇ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಜನರಿಗೆ ಕಾಣುವಂತೆ ಆ ಒದ್ದೆಯನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದೂ ಎಚ್ಚರಿಸಿದರು. ಈ ಘಟನೆಯನ್ನು ನಾವು ಅಕ್ಕಿ, ಗೋಧಿಯ ಅಂಗಡಿಗಷ್ಟೇ ಸೀಮಿತಗೊಳಿಸಿದ್ದೇವೆ. ವಾಸ್ತವದಲ್ಲಿ ಗ್ಯಾರೇಜಿನಷ್ಟು ಒಳಗೆ ಮುಚ್ಚಿಡಲು ಅವಕಾಶವಿರುವ ವ್ಯಾಪಾರ ಬೇರೊಂದಿಲ್ಲ. ಗಿರಾಕಿಗೆ ಬಾನೆಟ್ಟಿನ ಒಳಗಿನದ್ದು ಅರ್ಥವಾಗುವುದಿಲ್ಲ. ಆತ ನಂಬಿ ಬೀಗದ ಕೈ ಕೊಟ್ಟು ಹೋಗುತ್ತಾನೆ. ಅದೊಂದು ಅಮಾನತ್.

ಆದ್ದರಿಂದ ನಮ್ಮ ಯುವಕರ ಗ್ಯಾರೇಜುಗಳಲ್ಲಿ ನಾಲ್ಕು ನಿಯಮಗಳಿರಲಿ. ಗಾಡಿ ಬಂದೊಡನೆ ಕಿಲೋಮೀಟರ್, ದೂರು, ಪೆಟ್ರೋಲ್ ಮಟ್ಟ ಎಲ್ಲವನ್ನೂ ಜಾಬ್ ಕಾರ್ಡಿನಲ್ಲಿ ಬರೆದು ಗಿರಾಕಿಯ ಸಹಿ ಪಡೆಯಿರಿ. ಪರೀಕ್ಷೆಯ ಶುಲ್ಕ ಎಷ್ಟೆಂದು ಮೊದಲೇ ತಿಳಿಸಿ, ದೋಷ ಕಂಡುಹಿಡಿದ ಬಳಿಕ ಖರ್ಚಿನ ಅಂದಾಜು ಕೊಟ್ಟು ಒಪ್ಪಿಗೆ ಪಡೆದೇ ಕೆಲಸ ಮಾಡಿ. ಬಿಚ್ಚಿದ ಹಳೆಯ ಭಾಗವನ್ನು ಗಿರಾಕಿಯ ಕೈಗೇ ಕೊಡಿ. ಹಾಕಿದ್ದು ಅಸಲಿಯೋ, ಬೇರೆ ಕಂಪೆನಿಯದ್ದೋ ಎಂಬುದನ್ನು ಬಿಲ್ಲಿನಲ್ಲಿ ನಮೂದಿಸಿ. ಇಷ್ಟು ಮಾಡಿದರೆ ಜಾಹೀರಾತು ಬೇಕಾಗುವುದಿಲ್ಲ. 2022ರಲ್ಲಿ ನಮ್ಮ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರುಗಳನ್ನು ಕಟ್ಟಿದ್ದನ್ನು ನಾವು ಮರೆತಿಲ್ಲ. ಅದು ಸಂವಿಧಾನಕ್ಕೆ ಬಗೆದ ಅಪಚಾರ, ಅದನ್ನು ಕಾನೂನಿನ ದಾರಿಯಲ್ಲಿ ಎದುರಿಸಲೇಬೇಕು. ಆದರೆ ಅದೇ ದಿನಗಳಲ್ಲೂ ಪ್ರಾಮಾಣಿಕ ಮೆಕ್ಯಾನಿಕ್‌ನ ಬಾಗಿಲಿಗೆ ಎಲ್ಲ ಧರ್ಮದವರ ಗಾಡಿಗಳೂ ಬರುತ್ತಿದ್ದುದನ್ನು ನಾವು ಕಂಡಿದ್ದೇವೆ. ದ್ವೇಷಕ್ಕೆ ಉತ್ತರವಾಗಿ ನಂಬಿಕೆಯನ್ನು ಗಳಿಸುವ ಕೆಲಸ ದಿನನಿತ್ಯ ಇಂತಹ ಬಾಗಿಲುಗಳಲ್ಲಿ ನಡೆಯುತ್ತದೆ.

ಹೆತ್ತವರೊಂದಿಗೆ ಒಂದು ಮಾತು

ಹೆತ್ತವರೇ, ಮಗ ಓದಿನಲ್ಲಿ ಹಿಂದುಳಿದನೆಂದರೆ "ಗ್ಯಾರೇಜಿಗಾದರೂ ಹೋಗಲಿ" ಎನ್ನುವ ಮಾತು ನಮ್ಮ ಮನೆಗಳಲ್ಲಿದೆ. ಆ 'ಆದರೂ' ಎಂಬ ಶಬ್ದವನ್ನು ಇಂದೇ ಬಿಟ್ಟುಬಿಡಿ. 2016ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದು ಅಪರಾಧ. ಹದಿನಾಲ್ಕು ದಾಟಿದ ಬಳಿಕವೂ ಅಪಾಯಕಾರಿ ಕೆಲಸಗಳಿಗೆ 18ರ ವರೆಗೆ ನಿಷೇಧವಿದೆ. ಕಾನೂನಿಗಿಂತ ದೊಡ್ಡ ಮಾತೊಂದಿದೆ. ಎಸೆಸೆಲ್ಸಿ ಮುಗಿಸದ ಹುಡುಗ ವೈರಿಂಗ್ ನಕ್ಷೆಯ ಮುಂದೆ, ದುರಸ್ತಿ ಕೈಪಿಡಿಯ ಮುಂದೆ ಜೀವಮಾನವಿಡೀ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಆತ ಪಾನಾ ಎತ್ತಿಕೊಡುವ ಚೋಟುವಾಗಿಯೇ ಮುದುಕನಾಗುತ್ತಾನೆ.

ಎಸೆಸೆಲ್ಸಿಯ ಬಳಿಕ ಐಟಿಐಗಳಲ್ಲಿ ಎರಡು ವರ್ಷಗಳ ಮೆಕ್ಯಾನಿಕ್ ಮೋಟಾರ್ ವೆಹಿಕಲ್, ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್ ಕೋರ್ಸುಗಳಿವೆ. ರಾಜ್ಯದ 150 ಸರಕಾರಿ ಐಟಿಐಗಳನ್ನು ಹೊಸ ಯಂತ್ರೋಪಕರಣಗಳೊಂದಿಗೆ ಮೇಲ್ದರ್ಜೆಗೇರಿಸಲಾಗಿದೆ. ಕೋರ್ಸಿನ ಬಳಿಕ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆಯುತ್ತಾ ದೊಡ್ಡ ಕಾರ್ಯಾಗಾರದಲ್ಲಿ ಪಳಗಬಹುದು. ಈಗಾಗಲೇ ಗ್ಯಾರೇಜಿನಲ್ಲಿ ದುಡಿಯುತ್ತಿರುವವರ ಕೈಯಲ್ಲಿರುವ ಕೌಶಲವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸರಕಾರದ ಕೌಶಲ ಯೋಜನೆಗಳಲ್ಲಿದೆ. ಗಲ್ಫ್‌ಗೆ ಹೋಗಬಯಸುವವರಿಗೂ ಆ ಕಾಗದದ ಬೆಲೆ ಅಲ್ಲಿ ತಲುಪಿದ ಮೇಲೆಯೇ ತಿಳಿಯುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸಂಸ್ಥೆಗಳು ಸ್ವಂತ ಉದ್ಯಮದ ಲೆಕ್ಕಪತ್ರ, ಮಾರುಕಟ್ಟೆ ಇತ್ಯಾದಿಗಳನ್ನು ಉಚಿತವಾಗಿ ಕಲಿಸುತ್ತವೆ. ಇವೆಲ್ಲ ಯಾರೋ ಕೊಡುವ ಭಿಕ್ಷೆಯಲ್ಲ, ನಾವು ಕಟ್ಟುವ ತೆರಿಗೆಯ ಫಲ. ಕೇಳಿ ಪಡೆಯಲು ಸಂಕೋಚವೇಕೆ?

ಸಹೋದರಿಯರನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಬಿಲ್ಲು, ಲೆಕ್ಕ, ಬಿಡಿಭಾಗಗಳ ದಾಸ್ತಾನು, ಗಿರಾಕಿಗಳಿಗೆ ಮುಂದಿನ ಸರ್ವಿಸ್ ದಿನಾಂಕ ನೆನಪಿಸುವುದು ಇವೆಲ್ಲ ಗ್ಯಾರೇಜಿನ ಅರ್ಧ ಕೆಲಸ. ವಾಣಿಜ್ಯ ಪದವಿ ಪಡೆದು ಮನೆಯಲ್ಲಿರುವ ನಮ್ಮ ಹೆಣ್ಮಕ್ಕಳು ಈ ಅರ್ಧವನ್ನು ಎಷ್ಟೋ ಚೆನ್ನಾಗಿ ನಿಭಾಯಿಸಬಲ್ಲರು. ಗ್ಯಾರೇಜುಗಳು ಮುಳುಗುವುದು ಕೆಲಸವಿಲ್ಲದೆ ಮಾತ್ರವಲ್ಲ, ಲೆಕ್ಕವಿಲ್ಲದೆಯೂ ಮುಳುಗುತ್ತವೆ.

ಬಂಡವಾಳ ಎಲ್ಲಿಂದ?

ಉತ್ತಮ ಸ್ಕ್ಯಾನರ್, ಕಂಪ್ರೆಷನ್ ಮತ್ತು ಇಂಧನ ಒತ್ತಡದ ಗೇಜುಗಳು, ಇಂಜೆಕ್ಟರ್ ಶುಚಿಗೊಳಿಸುವ ಯಂತ್ರ, ಗಾಳಿ ಸೋರಿಕೆ ಪತ್ತೆ ಹಚ್ಚುವ ಹೊಗೆ ಯಂತ್ರ, ಇವೆಲ್ಲಕ್ಕೂ ಹಣ ಬೇಕು. ಎಲ್ಲವನ್ನೂ ಒಮ್ಮೆಲೇ ಕೊಳ್ಳುವ ಅಗತ್ಯವಿಲ್ಲ. ಮಲ್ಟಿಮೀಟರ್, ಗೇಜುಗಳು ಮತ್ತು ಸಾಧಾರಣ ಸ್ಕ್ಯಾನರ್‌ನಿಂದ ಆರಂಭಿಸಿ ದುಡಿಮೆಯಿಂದಲೇ ಉಳಿದವನ್ನು ಕೂಡಿಸಬಹುದು. ಸ್ಥಳೀಯ ಸಂಸ್ಥೆಯ ಪರವಾನಿಗೆ, ಉದ್ಯಮ್ ನೋಂದಣಿ, ವಹಿವಾಟು ಮಿತಿ ದಾಟಿದಾಗ ಜಿಎಸ್‌ಟಿ ನೋಂದಣಿ, ಇವುಗಳಲ್ಲಿ ಅಸಡ್ಡೆ ಬೇಡ. ಹಳೆಯ ಎಂಜಿನ್ ಆಯಿಲನ್ನು ಚರಂಡಿಗೆ ಸುರಿಯದೆ ಅಧಿಕೃತ ಸಂಗ್ರಾಹಕರಿಗೇ ಕೊಡಿ.

ಬಡ್ಡಿಯ ಸುಳಿಗೆ ಬೀಳಲು ಅಂಜುವ ಯುವಕನಿಗೆ ನಾವು ಬರೀ ಉಪದೇಶ ಕೊಟ್ಟರೆ ಸಾಲದು, ಪರ್ಯಾಯವನ್ನೂ ಕೊಡಬೇಕು. ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಮೊದಲೇ ಒಪ್ಪಿಕೊಂಡ ಪಾಲು ಎಂಬ ಪಾಲುದಾರಿಕೆಯನ್ನು ಇಸ್ಲಾಮ್ ಶತಮಾನಗಳ ಹಿಂದೆಯೇ ಕಲಿಸಿದೆ. ನಮ್ಮಲ್ಲಿ ಹಣವಿಲ್ಲವೇ? ಒಂದು ಮದುವೆಯ ಒಂದು ರಾತ್ರಿಯ ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದು ಸ್ಕ್ಯಾನರ್ ಬರುತ್ತದೆ. ಒಂದು ಔತಣದಲ್ಲಿ ಎಸೆದ ಅನ್ನದ ಬೆಲೆಯಲ್ಲಿ ಒಬ್ಬ ಹುಡುಗನ ಐಟಿಐ ಶುಲ್ಕ ಕಟ್ಟಬಹುದು. ಪ್ರತಿಯೊಂದು ಜಮಾಅತ್ ಕೂಡ ಒಂದು ಉಪಕರಣ ನಿಧಿಯನ್ನು ಸ್ಥಾಪಿಸಲಿ. ದುಬಾರಿ ಯಂತ್ರಗಳನ್ನು ಮೊಹಲ್ಲಾದ ಮೂರು ನಾಲ್ಕು ಗ್ಯಾರೇಜುಗಳು ಹಂಚಿಕೊಂಡು ಬಳಸಲಿ. ಬಡ್ಡಿಯಿಲ್ಲದ ಸಾಲವನ್ನು ಕಂತಿನಲ್ಲಿ ಮರಳಿಸಲಿ, ಆ ಹಣ ಮುಂದಿನ ಹುಡುಗನಿಗೆ ಸಿಗಲಿ.

ಸರಕಾರವನ್ನೂ ನಾವು ಪ್ರಶ್ನಿಸಲೇಬೇಕು. ಸಾಚಾರ್ ವರದಿ ಬಂದು ಎರಡು ದಶಕಗಳಾಗುತ್ತಾ ಬಂದರೂ ನಮ್ಮ ಎಷ್ಟು ಬಡಾವಣೆಗಳ ಸಮೀಪ ಐಟಿಐಗಳಿವೆ? ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳ ಮಾಹಿತಿ ಗ್ಯಾರೇಜಿನ ಹುಡುಗನನ್ನು ಸಕಾಲದಲ್ಲಿ ತಲುಪುತ್ತಿದೆಯೇ? ಚುನಾವಣೆಯ ವೇಳೆ ಮತ ಕೇಳಲು ಬರುವವರಲ್ಲಿ ಭಾವನಾತ್ಮಕ ಘೋಷಣೆಗಳ ಬದಲು ಈ ಪ್ರಶ್ನೆಗಳನ್ನು ಕೇಳುವ ಪ್ರಬುದ್ಧತೆಯನ್ನು ನಾವು ಬೆಳೆಸಿಕೊಳ್ಳಬೇಕಾಗಿದೆ.

ವಿದ್ಯುತ್ ಕಾರುಗಳು ಬಂದ ಮೇಲೆ ಎಂಜಿನಿಗೇನು ಭವಿಷ್ಯವಿದೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಂದು ರಸ್ತೆಯಲ್ಲಿರುವ ಕೋಟ್ಯಂತರ ಎಂಜಿನ್‌ಗಳು ನಾಳೆಯೇ ಮಾಯವಾಗುವುದಿಲ್ಲ. ಆದರೆ ಬದಲಾವಣೆ ಖಚಿತ. ಮಲ್ಟಿಮೀಟರ್, ವೈರಿಂಗ್, ಸೆನ್ಸರ್‌ಗಳ ಪಾಠ ಕಲಿತವನಿಗೆ ಅಲ್ಲಿಗೆ ದಾಟಲು ಸೇತುವೆಯಿದೆ. ಪಾನಾ ಒಂದನ್ನೇ ಬಲ್ಲವನಿಗೆ ಇಲ್ಲ. ಕಾರ್ಬೊರೇಟರ್ ಹೋದಾಗ ಆದ ತಪ್ಪು ಎಂಜಿನ್ ಹೋಗುವಾಗಲೂ ಆಗದಿರಲಿ.

ಕೊನೆಯದಾಗಿ ಇತಿಹಾಸದ ಒಂದು ಪುಟ. ಹನ್ನೆರಡು-ಹದಿಮೂರನೆಯ ಶತಮಾನದಲ್ಲಿ, ಇಂದಿನ ತುರ್ಕಿಯ ದಿಯಾರ್‌ಬಕಿರ್ ನಗರದಲ್ಲಿ ಅಲ್ ಜಝರಿ ಎಂಬ ಮಹಾನ್ ಯಂತ್ರಕುಶಲಿ ಇದ್ದರು. ನೀರೆತ್ತುವ ಯಂತ್ರಗಳು, ಗಡಿಯಾರಗಳು ಮುಂತಾದವನ್ನು ನಿರ್ಮಿಸಿದರು. ಸುತ್ತುವ ಚಲನೆಯನ್ನು ಹಿಂದೆ ಮುಂದೆ ಚಲಿಸುವ ಪಿಸ್ಟನಿನ ಚಲನೆಯಾಗಿ ಬದಲಾಯಿಸುವ ಜೋಡಿ ಸಿಲಿಂಡರಿನ ಪಂಪನ್ನು ಅವರು ವಿವರಿಸಿದ್ದಾರೆ. ಅವರು ಯಂತ್ರ ಕಟ್ಟಿ ಸುಮ್ಮನಾಗಲಿಲ್ಲ. 1206ರಲ್ಲಿ ಪೂರ್ಣಗೊಳಿಸಿದ ತಮ್ಮ ಗ್ರಂಥದಲ್ಲಿ, ಇನ್ನೊಬ್ಬ ಕುಶಲಕರ್ಮಿ ಅದನ್ನು ಮತ್ತೆ ಕಟ್ಟಬಲ್ಲಂತೆ ಚಿತ್ರಸಹಿತವಾಗಿ ಬರೆದಿಟ್ಟರು. ನಮ್ಮ ಉಸ್ತಾದರ ವಿದ್ಯೆಯಾದರೋ ಅವರ ಕಿವಿಯಲ್ಲೇ ಉಳಿದು ಅವರೊಂದಿಗೇ ಮಣ್ಣಾಗುತ್ತಿದೆ.

ಆದ್ದರಿಂದ ಗ್ಯಾರೇಜಿನಲ್ಲಿರುವ ಪ್ರತಿಯೊಬ್ಬ ಯುವಕನಲ್ಲಿ ನಮ್ಮದೊಂದು ಬೇಡಿಕೆ. ನಾಳೆ ಬೆಳಗ್ಗೆ ಟೂಲ್ ಬಾಕ್ಸಿನಲ್ಲಿ ಒಂದು ನೋಟ್ ಪುಸ್ತಕ ಇಡಿ. ಬಂದ ದೂರು, ಕಂಡ ಸಂಕೇತ, ಅಳೆದ ಅಳತೆ, ಕೊನೆಗೆ ಸಿಕ್ಕಿದ ಕಾರಣ, ಈ ನಾಲ್ಕನ್ನು ಪ್ರತಿದಿನ ಬರೆಯಿರಿ. ಉಸ್ತಾದರು ಹೇಳಿದ್ದನ್ನೂ ಬರೆಯಿರಿ, ಉಸ್ತಾದರಿಗೆ ಸ್ಕ್ಯಾನರ್ ಓದಲು ನೀವು ಕಲಿಸಿಕೊಡಿ. ಒಂದು ವರ್ಷದಲ್ಲಿ ಆ ಪುಸ್ತಕವೇ ನಿಮ್ಮ ಉದ್ಯಮದ ಮೊದಲ ಆಸ್ತಿಯಾಗುತ್ತದೆ. ಪ್ರವಾದಿ ದಾವೂದ್(ಅ)ರು ರಾಜರಾಗಿದ್ದೂ ಕಬ್ಬಿಣದ ಕವಚ ಹೆಣೆದು ಸ್ವಂತ ಕೈದುಡಿಮೆಯಿಂದ ಉಂಡವರು. ಗ್ರೀಸು ಮೆತ್ತಿದ ಕೈಗಳ ಬಗ್ಗೆ ನಾಚಿಕೆಪಡಬೇಕಾಗಿಲ್ಲ. ಆ ಕೈಗಳಿಗೆ ವಿದ್ಯೆಯನ್ನೂ ಉಪಕರಣವನ್ನೂ ಕೊಡದೆ ಕುಳಿತಿರುವುದಕ್ಕಾಗಿ ನಾವು ನಾಚಿಕೆಪಡಬೇಕು.

ಅಲ್ಲಾಹನು ನಮ್ಮ ಯುವಕರಿಗೆ ಉಪಯುಕ್ತ ಜ್ಞಾನವನ್ನೂ, ಪರಿಶುದ್ಧ ಸಂಪಾದನೆಯನ್ನೂ ಕರುಣಿಸಲಿ, ಅವರಿಗೆ ನೆರವಾಗುವ ಮನಸ್ಸನ್ನು ನಮಗೂ ನೀಡಲಿ ಎಂದು ಪ್ರಾರ್ಥಿಸುತ್ತಾ ಮಾತು ಮುಗಿಸುತ್ತೇವೆ. ವಸ್ಸಲಾಮ್.